ಗೌರೀಶನ ಮದುವೆಗೆ ಕಟ್ಟಿದ ಹೂವು

ಗುರುಪುರ, ಹುಣಸೂರು ತಾಲ್ಲೂಕು
22 ಏಪ್ರಿಲ್ 2025, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ನಮ್ಮ ಮನೆಯವರಿಗೆ,

ಪುಟ್ಟಲಕ್ಷ್ಮಿಯ ನಮಸ್ಕಾರಗಳು. ಕೆಮ್ಮು ಹೇಗಿದೆ? ಹೋದ ಸಲ ನೋಡಲು ಬಂದಾಗ ಜಾಲರಿಯ ಆಚೆ ನಿಂತು ನೀವು ಮಾತಾಡಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ಅಲ್ಲಿನ ಡಾಕ್ಟರಿಗೆ ತೋರಿಸಿದಿರಾ, ಇಲ್ಲ ‘ಏನಿಲ್ಲ ಬುಡಿ’ ಎಂದು ಸುಮ್ಮನಾದಿರಾ? ನಿಮ್ಮ ಬುದ್ಧಿ ನನಗೆ ಗೊತ್ತು. ಬಿಸಿನೀರು ಕೇಳಿ ಕುಡಿಯಿರಿ, ಕೇಳುವುದರಲ್ಲಿ ನಾಚಿಕೆ ಬೇಡ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅವ್ವನ ಮಂಡಿನೋವು ಹೋಗಿಲ್ಲ, ಆದರೂ ಕೂರು ಎಂದರೆ ಕೂರುವುದಿಲ್ಲ. ಕೆಂದಹಸು ಹೆಣ್ಣುಗರು ಹಾಕಿದೆ. ಚಿನ್ನುವಿನ ಮುಂದಿನ ಹಲ್ಲು ಎರಡೂ ಬಿದ್ದಿವೆ. ಅಪ್ಪನಿಗೆ ತೋರಿಸಬೇಕು ಎಂದು ಕನ್ನಡಿಯ ಮುಂದೆ ನಿಂತು ನಗುವುದನ್ನು ಕಲಿಯುತ್ತಿದ್ದಾಳೆ. ಅವಳನ್ನು ಅಲ್ಲಿಗೆ ಕರೆತರಬೇಡ ಎಂದು ನೀವು ಹೇಳಿದ್ದೀರಿ, ಅದಕ್ಕೇ ಕರೆತಂದಿಲ್ಲ.

ಫೋನಿನಲ್ಲಿ ಇದನ್ನೆಲ್ಲ ಹೇಳಲು ಆಗುವುದಿಲ್ಲ. ನಿಮಗೆ ಕೊಡುವ ಹೊತ್ತು ‘ಊಟ ಆಯ್ತಾ, ಮಳೆ ಬತ್ತಾ, ಅವ್ವ ಎಂಗವ್ಳೆ’ ಎನ್ನುವಷ್ಟರಲ್ಲಿ ಮುಗಿದುಹೋಗುತ್ತದೆ, ಹಿಂದೆ ನಿಂತವರು ಬೇರೆ ಗೊಣಗುತ್ತಿರುತ್ತಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಈ ಕಾಗದವನ್ನು ಅಲ್ಲಿ ಯಾರಾದರೂ ಓದಿಯೇ ನಿಮ್ಮ ಕೈಗೆ ಕೊಡುತ್ತಾರೆ ಎಂದು ಗೊತ್ತು. ಅದಕ್ಕೆ ಹೆದರಿ ಇಷ್ಟು ದಿನ ಹಸು, ಹೂವು, ಬಿಸಿಲು ಎಂದಷ್ಟೇ ಬರೆದೆ. ಇವತ್ತು ಓದಿಕೊಳ್ಳಲಿ ಬಿಡಿ.

ನಿಮಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಯಾಕೆಂದರೆ ನಾವಿಬ್ಬರೂ ಅದನ್ನು ಬಾಯಿಬಿಟ್ಟು ಒಂದು ಸಲವೂ ಆಡಿಲ್ಲ. ಸಂಕ್ರಾಂತಿ ಕಳೆದ ಮೇಲೆ ನಮ್ಮ ಹೊಲದ ಬೇಲಿಯಲ್ಲಿ ಕರೆಂಟ್ ಹೊಡೆದು ಹೆಣ್ಣಾನೆ ಸತ್ತಿತಲ್ಲ, ಆಗ ನೀವು ಜ್ವರದಿಂದ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಸೋಲಾರ್ ಬೇಲಿಯ ಬ್ಯಾಟರಿ ಕೆಟ್ಟು ಕೂತಿತ್ತು. ಮೋಟರ್ ಮನೆಯಿಂದ ವೈರು ಎಳೆದು ಬೇಲಿಯ ತಂತಿಗೆ ನೇರ ಲೈನು ಕೊಟ್ಟವನು ನಿಮ್ಮ ತಮ್ಮ ಗೌರೀಶ. ಹುಣಸೂರಿನಲ್ಲಿ ಮೋಟರ್ ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ಅದು ಎಷ್ಟರ ಕೆಲಸ? ನೀವೋ, ಮನೆಯ ಫ್ಯೂಸು ಹೋದರೂ ‘ಗೌರೀಶ ಬರ್ಲಿ ತಡಿ’ ಎಂದು ಕತ್ತಲೆಯಲ್ಲೇ ಕೂರುವವರು. ಬೆಳಿಗ್ಗೆ ಫಾರೆಸ್ಟಿನವರು ಅಂಗಳಕ್ಕೆ ಬಂದು ಲೈನು ಕೊಟ್ಟವರು ಯಾರು ಎಂದು ಕೇಳಿದಾಗ ಗೌರೀಶ ಗೋಡೆಗೆ ಒರಗಿ ನಿಂತಿದ್ದ. ಬಾಯಿ ತೆರೆಯಿತು, ಮಾತು ಹೊರಡಲಿಲ್ಲ. ನೀವು ಕಂಬಳಿ ಹೊದ್ದುಕೊಂಡೇ ಎದ್ದು ಬಂದು, ‘ನೀಲಕಂಠಸ್ವಾಮಿ ಅಂತ ನನ್ನೆಸ್ರು. ಒಲ ನಂದು. ನಾನೇ ಕಣ್ರೀ ಕೊಟ್ಟಿದ್ದು’ ಎಂದಿರಿ. ಜೀಪು ಹತ್ತುವ ಮುಂಚೆ ನನ್ನ ಕಡೆ ತಿರುಗಿ, ‘ಉಡ್ಗನ್ ನಿಶ್ಚಿತಾರ್ಥ ಆಗೈತೆ. ಮದ್ವೆ ಮುಗಿಯೋಗಂಟ ತುಟಿ ಬಿಚ್ಬೇಡ ಕಣೆ’ ಎಂದಿರಿ. ನಾನು ಹೂಂ ಎಂದೆ. ಜಾಮೀನು ಸಿಗಲಿಲ್ಲ ಎಂದು ವಕೀಲರು ಬಂದು ಹೇಳಿದ ದಿನವೂ ಆ ಮಾತಿಗೇ ಕಟ್ಟುಬಿದ್ದು ಕೂತಿದ್ದೆ. ಅವ್ವನಿಗೂ ಹೇಳಲಿಲ್ಲ. ಅವಳು ಮೂರು ಹೊತ್ತೂ ನಿಮ್ಮನ್ನೇ ಬೈಯುತ್ತಿದ್ದಳು. ನಾನು ಕೇಳಿಕೊಂಡು ಮುದ್ದೆ ತಿರುವುತ್ತಿದ್ದೆ.

ಈಗ ಮದುವೆಯ ಮಾತಿಗೆ ಬರುತ್ತೇನೆ. ಹೂವಿನ ಕೆಲಸ ನನ್ನದೇ ಆಯಿತು ಎಂದು ಫೋನಿನಲ್ಲಿ ಹೇಳಿದ್ದೆ, ಹೇಗೆ ಆಯಿತೆಂದು ಹೇಳಿರಲಿಲ್ಲ. ಕಂಪಲಾಪುರದ ನಮ್ಮ ಬೀಗರು ಬೆಟ್ಟಸ್ವಾಮಿಯವರು ಮೈಸೂರಿನ ಅಲಂಕಾರದವನನ್ನು ಗೊತ್ತುಮಾಡಿದ್ದರು. ಅವನು ಮೊಬೈಲಿನಲ್ಲಿ ತೋರಿಸಿದ್ದು ಬರೀ ಪ್ಲಾಸ್ಟಿಕ್ ಗುಲಾಬಿ, ಥರ್ಮಕೋಲಿನ ನವಿಲು. ಮದುಮಗಳು ಪೂಜಾ ಒಪ್ಪಲಿಲ್ಲ. ‘ಮೂಗಿಗೆ ವಾಸ್ನೆ ಬರ್ದಿರೋ ಹೂವಿನ್ ಮುಂದೆ ನಾನು ಕೂರಲ್ಲ ಕಣಪ್ಪ, ಅಕ್ಕನ ತೋಟದ್ ಹೂವೇ ಬೇಕು’ ಎಂದು ಹಟ ಹಿಡಿದಳು. ನಿಶ್ಚಿತಾರ್ಥಕ್ಕೆ ಬಂದಾಗ ನಮ್ಮ ಹಿತ್ತಲಿನ ಹಸಿರು ಬಲೆಯ ಕೆಳಗೆ ದಪ್ಪೆಲೆ ಗಿಡಗಳನ್ನು ನೋಡಿದ್ದಳಲ್ಲ, ಅವೂ ಮಂಟಪದಲ್ಲಿರಬೇಕಂತೆ. ಟಿಬೆಟ್ ಕ್ಯಾಂಪಿನ ಅಜ್ಜಿ ಒಂದೊಂದೇ ತುಂಡು ಕೊಟ್ಟು ನೆಡಿಸಿದ ಗಿಡಗಳು ಅವು. ಗುಲಾಬಿಯ ಹಾಗೆ ಸುತ್ತುಸುತ್ತಾಗಿ ಎಲೆ ಬಿಡುವುದು, ಮಣಿಸರದ ಹಾಗೆ ಕುಂಡದಿಂದ ಇಳಿಬೀಳುವುದು, ತುದಿ ಕೆಂಪಾಗುವುದು. ನೀವು ‘ಇದ್ಯಾರು ತಲೆಗ್ ಮುಡೀತಾರೆ ಪುಟ್ಟಿ’ ಎಂದು ನಗುತ್ತಿದ್ದಿರಿ. ಪೂಜಾ ಅವಕ್ಕೆ ಸಕ್ಯುಲೆಂಟ್ ಎನ್ನುತ್ತಾಳೆ. ಪಿರಿಯಾಪಟ್ಟಣದಲ್ಲಿ ಅವಳು ಪಾಠ ಹೇಳುವ ಶಾಲೆಯ ಕಿಟಕಿಗಳಲ್ಲೂ ಇಟ್ಟಿದ್ದಾಳಂತೆ.

ನನಗೋ ಬೀಗರದೇ ಯೋಚನೆ. ಮದುಮಗನ ಅಣ್ಣ ಜೈಲಿನಲ್ಲಿರುವ ಮನೆಗೆ ಹೆಣ್ಣು ಕೊಡುವುದೇ ಬೀಗರಿಗೆ ನುಂಗಲಾರದ ತುತ್ತಾಗಿತ್ತು. ‘ಬೆಳೆ ಉಳಿಸ್ಕೊಳಕೋಗಿ ಆಗೈತೆ, ಕಳ್ತನ ಮಾಡಿಲ್ವಲ್ಲ’ ಎಂದು ತಮಗೆ ತಾವೇ ಹೇಳಿಕೊಂಡು ಹೇಗೋ ಗಟ್ಟಿಯಾಗಿದ್ದರು. ಮಂಟಪದಲ್ಲಿ ಒಂದು ಹೂವು ಬಾಡಿದರೂ ನಮ್ಮ ಮನೆಯ ಮೇಲೆ ಮಾತು ಬರುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ಒಪ್ಪಿಕೊಂಡೆ. ಕೈಗೆ ಕೆಲಸವಿದ್ದರೆ ಬಾಯಿ ಸುಮ್ಮನಿರುತ್ತದೆ ಎಂದು ಒಪ್ಪಿಕೊಂಡೆನೋ ಏನೋ.

ಪೂಜಾ ಒಂದು ಭಾನುವಾರ ಅವರಮ್ಮ ಸುಂದ್ರಮ್ಮನವರನ್ನು ಕರೆದುಕೊಂಡು ತೋಟಕ್ಕೆ ಬಂದಳು. ಹೂವಿನ ಸಾಲುಗಳ ನಡುವೆ ಓಡಾಡಿ, ನೆಲದ ಮೇಲೆ ಕಡ್ಡಿಯಿಂದ ಗೀಚಿ, ನಾನೂ ಅವಳೂ ಮನಸ್ಸಿನಲ್ಲೇ ಮಂಟಪ ಕಟ್ಟಿದೆವು. ಹಿಂದಕ್ಕೆ ಬಿದಿರಿನ ತಟ್ಟಿ. ಅದರ ಮೇಲ್ಭಾಗಕ್ಕೆ ಹೊಂಗೆ ಚಿಗುರು, ಅಲ್ಲಿಂದ ಕೆಳಕ್ಕೆ ಕಕ್ಕೆ ಹೂವಿನ ಹಳದಿ ಗೊಂಚಲು ತೂಗಬೇಕು. ಚೈತ್ರದಲ್ಲಿ ರಸ್ತೆಯುದ್ದಕ್ಕೂ ಸುಮ್ಮನೆ ಉದುರಿಹೋಗುವ ಹೂವು, ಯಾರೂ ಅದನ್ನು ಮದುವೆಗೆ ತಂದದ್ದು ನಾನು ಕಂಡಿಲ್ಲ. ನಡುವೆ ಸುಗಂಧರಾಜದ ಉದ್ದ ಕಡ್ಡಿಗಳು, ಬಿಳಿ ಸೇವಂತಿಗೆ. ಬುಡದಲ್ಲಿ ತೆಂಗಿನನಾರು ಹಾಸಿ ದಪ್ಪೆಲೆ ಗಿಡಗಳನ್ನು ಒತ್ತೊತ್ತಾಗಿ ಕೂರಿಸುವುದು, ನೋಡಿದವರಿಗೆ ನೆಲವೇ ಅರಳಿದಂತೆ ಕಾಣಬೇಕು. ನಮ್ಮ ಬೇಲಿಸಾಲಿನ ಕಾಡುಬಸಳೆ ಕೆಂಪು ಗಂಟೆಯಂಥ ಹೂವು ಬಿಟ್ಟು ನಿಂತಿತ್ತು, ಅದು ಎರಡು ಪಕ್ಕದ ಕಂಬಗಳಿಗೆ. ಸುಂದ್ರಮ್ಮನವರು ಕಳ್ಳಿ ಗಿಡ ಕಂಡು ತಕರಾರು ತೆಗೆದರು. ‘ಮುಳ್ಳು ಗಿಡ, ಆಲು ಸುರ್ಯೋ ಗಿಡ ಮದ್ವೆ ಮನೇಲಿ ಇಡ್ತಾರೇನವ್ವ?’ ಎಂದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಮುಳ್ಳಿನದೊಂದನ್ನೂ ತರುವುದಿಲ್ಲ, ಮುರಿದರೆ ಹಾಲು ಬರುವುದೊಂದನ್ನೂ ತರುವುದಿಲ್ಲ ಎಂದು ಮಾತು ಕೊಟ್ಟೆ. ಅವರು ಅರ್ಧ ಮನಸ್ಸಿನಿಂದ ಹೂಂ ಎಂದರು.

ಅದೇ ದಿನ ಪೂಜಾ ಮೋಟರ್ ಮನೆಯ ತನಕ ಹೋದಳು. ಗೌರೀಶ ಅಲ್ಲೇ ಪೈಪು ಜೋಡಿಸುತ್ತಿದ್ದ. ಗೋಡೆಯ ಮೇಲೆ ವೈರು ಸುಟ್ಟ ಕಪ್ಪು ಗೆರೆ ಇನ್ನೂ ಹಾಗೇ ಇದೆ. ಅವಳು ಅದನ್ನೇ ನೋಡುತ್ತ ನಿಂತು, ‘ಇಲ್ಲಿಂದ್ಲಾ ಲೈನ್ ಕೊಟ್ಟಿದ್ದು?’ ಎಂದಳು. ಗೌರೀಶ ತಲೆ ಎತ್ತಲಿಲ್ಲ. ಅವಳು ನನ್ನ ಬಳಿ ಬಂದು ಮೆಲ್ಲಗೆ, ‘ಅಕ್ಕ, ಭಾವನೋರಿಗೆ ಕರೆಂಟ್ ಅಂದ್ರೆ ಭಯ ಅಂತ ಇವ್ರೇ ಹೇಳಿ ನಗಾಡಿದ್ರು. ಅವ್ರು ಎಂಗೆ ಈ ಡಬ್ಬ ಬಿಚ್ಚಿ ಲೈನ್ ಎಳೆದ್ರು?’ ಎಂದಳು. ನನ್ನ ಕೈಯಲ್ಲಿ ಸೇವಂತಿಗೆಯ ಬುಟ್ಟಿ ಇತ್ತು. ನಿಮಗೆ ಕೊಟ್ಟ ಮಾತು ನೆನೆದು ಅದನ್ನು ಸೊಂಟಕ್ಕೆ ಎತ್ತಿಕೊಂಡೆ. ‘ಬಿಸ್ಲಿಗೆ ಹೂವು ಬಾಡ್ತದೆ, ನೆರಳಿಗೆ ನಡಿಯವ್ವ’ ಎಂದೆ. ಅವಳು ನನ್ನ ಮುಖ ನೋಡಿದಳು, ಅವನ ಬೆನ್ನು ನೋಡಿದಳು. ಮತ್ತೆ ಏನೂ ಕೇಳಲಿಲ್ಲ. ನಗುನಗುತ್ತ ಊಟ ಮಾಡಿ ಹೋದಳು. ಆ ನಗು ನೋಡಿಯೇ ನನಗೆ ಹೆಚ್ಚು ಹೆದರಿಕೆಯಾಯಿತು. ಬಸ್ಸು ಹೋದ ಮೇಲೆ ಗೌರೀಶನಿಗೆ ‘ನೀನೇ ಹೇಳ್ಬುಡೋ’ ಎಂದೆ. ‘ಮದ್ವೆ ಆಗ್ಲಿ ಅತ್ತಿಗೆ, ಅಣ್ಣನೂ ಅದನ್ನೇ ತಾನೇ ಹೇಳಿರೋದು’ ಎಂದ. ನಿಮ್ಮ ಮಾತನ್ನೇ ಗುರಾಣಿ ಹಿಡಿದು ನಿಂತ.

ಮದುವೆ ಮೊನ್ನೆ ಭಾನುವಾರ. ಅದಕ್ಕೆ ಮುಂಚಿನ ಗುರುವಾರ ಸಂಜೆ, ಇನ್ನೂ ಬೆಳಕಿದ್ದಾಗಲೇ, ಆನೆಗಳು ಬಂದವು. ನಾನು ಮಾರನೆಯ ದಿನ ಕೊಯ್ಯುವ ಸಾಲುಗಳಿಗೆ ನೀರು ಬಿಡುತ್ತಿದ್ದೆ. ಸುಗಂಧರಾಜ ಎದೆಯುದ್ದ ಬೆಳೆದು ಮೊಗ್ಗು ಬಿರಿಯುವುದರಲ್ಲಿತ್ತು, ಇಡೀ ಹೊಲ ಘಮ್ಮೆನ್ನುತ್ತಿತ್ತು. ಮೊದಲು ಕಂಬ ಮುರಿದ ಸದ್ದು ಕೇಳಿತು. ದೊಡ್ಡ ಆನೆಯೊಂದು ಒಣಮರವನ್ನು ಸೋಲಾರ್ ಬೇಲಿಯ ಮೇಲೆ ದೂಡಿ, ತಂತಿ ನೆಲಕ್ಕೆ ಬಿದ್ದ ಮೇಲೆ ದಾಟಿ ಬಂತು. ಹಿಂದೆ ಇನ್ನೊಂದು, ಅದರ ಹೊಟ್ಟೆಯ ಕೆಳಗೆ ಮರಿ. ಉಳಿದವು ಬೇಲಿಯ ಆಚೆಯೇ ನಿಂತಿದ್ದವು. ಅವಕ್ಕೆ ನಮ್ಮ ಹೂವು ಬೇಕಿರಲಿಲ್ಲ, ಹೂವಿನ ಆಚೆಗಿದ್ದ ಬಾಳೆ ಬೇಕಿತ್ತು. ನೇರವಾಗಿ ಸುಗಂಧರಾಜದ ನಡುವೆಯೇ ನಡೆದವು. ಅವ್ವ ಅಂಗಳದಿಂದ ತಟ್ಟೆ ಬಡಿಯುತ್ತಿದ್ದಳು. ಚಿನ್ನುವನ್ನು ಒಳಗೆ ಹಾಕಿ ಚಿಲಕ ಹಾಕು ಎಂದು ಕೂಗಿ ನಾನು ತಿರುಗುತ್ತೇನೆ, ಗೌರೀಶ ಮೋಟರ್ ಮನೆಯ ಕಡೆ ಓಡುತ್ತಿದ್ದಾನೆ. ಕೈಯಲ್ಲಿ ವೈರಿನ ಸುರುಳಿ.

ನಾನು ಹೇಗೆ ಅವನಿಗಿಂತ ಮೊದಲು ಆ ಬಾಗಿಲಿಗೆ ಹೋದೆನೋ ಈಗಲೂ ತಿಳಿಯದು. ಸೀರೆಯೆಲ್ಲ ಕೆಸರು. ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ‘ಜರುಗಿ ಅತ್ತಿಗೆ, ಆಚೆಗಿರವು ಒಳಕ್ ಬಂದ್ರೆ ಎಲ್ಲಾ ಓಯ್ತದೆ, ಮದ್ವೆ ಹೂವು ಕಣತ್ತಿಗೆ’ ಎಂದು ಕಿರುಚಿದ. ಅವನ ಮುಖ ನೋಡಿದರೆ ಅವನಲ್ಲವೇ ಅಲ್ಲ. ನನ್ನ ತೋಳು ಹಿಡಿದು ಎಳೆದ. ನಿಮ್ಮ ತಮ್ಮ ಈ ಮನೆಗೆ ನಾನು ಕಾಲಿಟ್ಟಾಗಿನಿಂದ ನನ್ನ ಕಡೆ ಕಣ್ಣೆತ್ತಿ ಜೋರಾಗಿ ಮಾತಾಡಿದವನಲ್ಲ. ನಾನು ಚೌಕಟ್ಟನ್ನು ಬಿಡಲಿಲ್ಲ. ‘ನಿನ್ ಬದ್ಲು ಜೈಲಿಗೋಗಕೆ ನಿಂಗೆ ಇನ್ನೊಬ್ಬ ಅಣ್ಣ ಇಲ್ಲ ಕಣೋ’ ಎಂದೆ. ಯೋಚಿಸಿ ಆಡಿದ ಮಾತಲ್ಲ. ಅವನ ಕೈ ಸಡಿಲವಾಯಿತು. ವೈರು ಕೆಳಗೆ ಬಿತ್ತು. ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಮುಖ ಮುಚ್ಚಿಕೊಂಡ. ನಾವಿಬ್ಬರೂ ಅಲ್ಲಿಂದಲೇ ನೋಡಿದೆವು. ಬಾಳೆ ಮುರಿದು ತಿಂದವು, ಸೇವಂತಿಗೆಯ ಮೇಲೆ ನಿಂತು ಮರಿಗೆ ಕೊಟ್ಟವು, ನಿಧಾನವಾಗಿ ಬಂದ ದಾರಿಯಲ್ಲೇ ಹೋದವು. ಆ ಮರಿ ಸತ್ತದ್ದರ ಮರಿಯೋ, ಬೇರೆಯದೋ, ಯಾರಿಗೆ ಗೊತ್ತು? ಆದರೆ ಗೌರೀಶ ಅದನ್ನು ನೋಡಿದ ರೀತಿ ನಾನು ನೋಡಿದೆ. ಹೊಲದಲ್ಲಿ ಒಂದು ಕಡ್ಡಿ ಸುಗಂಧರಾಜವೂ ನೆಟ್ಟಗೆ ನಿಂತಿರಲಿಲ್ಲ. ಜಜ್ಜಿಹೋದ ಹೂವಿನ ವಾಸನೆ ಮಾತ್ರ ಇನ್ನೂ ಜೋರಾಗಿ ಬರುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಕೂತು ಅಳಲು ಹೊತ್ತಿರಲಿಲ್ಲ. ಬೀಗರಿಗೆ ಫೋನು ಮಾಡಿದರೆ ಮತ್ತೆ ಆ ಪ್ಲಾಸ್ಟಿಕ್ಕಿನವನನ್ನೇ ಕರೆಸುತ್ತಿದ್ದರು, ಜೊತೆಗೆ ಅಪಶಕುನ ಎಂದೂ ಅನ್ನುತ್ತಿದ್ದರು. ಪೂಜಾಳಿಗೆ ಮಾತ್ರ ಹೇಳಿದೆ. ಅವಳು ‘ದಪ್ಪೆಲೆ ಗಿಡ ಉಳಿದವಾ ಅಕ್ಕ?’ ಎಂದಳು. ಅವು ಹಿತ್ತಲಿನಲ್ಲಿದ್ದುದರಿಂದ ಒಂದು ಎಲೆಯೂ ಮುಕ್ಕಾಗಿರಲಿಲ್ಲ. ‘ಹಾಗಾದ್ರೆ ತಟ್ಟಿ ಪೂರ್ತಿ ಅವೇ ಇರ್ಲಿ, ಹೂವು ಸಂದಿಸಂದೀಲಿ ಸಾಕು’ ಎಂದಳು. ಇಡೀ ತಟ್ಟಿಗೆ ನನ್ನ ಗಿಡಗಳು ಸಾಲುವುದಿಲ್ಲವಲ್ಲ. ಕ್ಯಾಂಪಿನ ಅಜ್ಜಿಯ ಮನೆಗೆ ಹೋದೆ. ಆಕೆಗೆ ನಮ್ಮ ಕನ್ನಡ ಅರ್ಧಂಬರ್ಧ, ಆದರೂ ನನ್ನ ಮುಖ ನೋಡಿಯೇ ಒಳಗೆ ಕರೆದು ಚಹಾ ಕೊಟ್ಟಳು. ಆನೆ ಎಂದೆ, ಮದುವೆ ಎಂದೆ. ಆಕೆ ಎದ್ದು ಓಣಿಯಲ್ಲಿ ಮನೆಮನೆಗೆ ಹೋಗಿ ಕೂಗಿದಳು. ಹೆಂಗಸರು ಕಿಟಕಿಗಳ ಮೇಲಿಂದ, ಮೆಟ್ಟಿಲ ಮೇಲಿಂದ ಕುಂಡಗಳನ್ನು ಎತ್ತಿ ತಂದು ನಮ್ಮ ಟೆಂಪೋಗೆ ತುಂಬಿದರು. ಮದುವೆ ಮುಗಿದ ಮೇಲೆ ಬೇರಿನ ಸಮೇತ ವಾಪಸು ತರಬೇಕು, ಅಷ್ಟೇ ಅವರು ಹೇಳಿದ್ದು. ಮಿರ್ಲೆಯಿಂದ ನಮ್ಮಣ್ಣ ಒದ್ದೆಬಟ್ಟೆಯಲ್ಲಿ ಸುತ್ತಿ ಮಲ್ಲಿಗೆ ಮೊಗ್ಗು ತಂದ. ಕಕ್ಕೆ, ಹೊಂಗೆ, ಬೇವಿನ ಹೂವನ್ನು ನಾನೂ ಗೌರೀಶನೂ ದಾರಿಯುದ್ದಕ್ಕೂ ಕೊಯ್ದೆವು.

ಶನಿವಾರ ಕಂಪಲಾಪುರದ ಛತ್ರದಲ್ಲಿ ಮಂಟಪ ಕಟ್ಟಲು ಕೂತೆವು. ಬಿದಿರಿನ ತಟ್ಟಿಗೆ ತೆಂಗಿನನಾರು ಕಟ್ಟಿ, ಪಾಚಿಯಲ್ಲಿ ಬೇರು ಸುತ್ತಿದ ಗಿಡಗಳನ್ನು ಒಂದೊಂದಾಗಿ ಸಿಕ್ಕಿಸುತ್ತ ಹೋದೆವು. ಬೂದುಹಸಿರು, ತಿಳಿನೇರಳೆ, ತುದಿಗೆಂಪು. ತಿಳಿಬಣ್ಣದವು ನಡುವೆ, ಕಪ್ಪುಹಸಿರಿನವು ಅಂಚಿಗೆ. ಸಂದಿಯಲ್ಲಿ ಮಲ್ಲಿಗೆ ಮೊಗ್ಗು, ಮೇಲಿಂದ ಕಕ್ಕೆ. ನಿಜ ಹೇಳುತ್ತೇನೆ, ಸುಗಂಧರಾಜ ಉಳಿದಿದ್ದರೆ ಅಷ್ಟು ಚೆಂದ ಬರುತ್ತಿರಲಿಲ್ಲ. ಪೂಜಾ ಅರಿಸಿನ ಹಚ್ಚಿದ ಕೈಯಲ್ಲೇ ಬಂದು ಗಿಡ ಎತ್ತಿ ಕೊಡುತ್ತಿದ್ದಳು, ಗೌರೀಶ ಏಣಿಯ ಮೇಲೆ ನಿಂತು ಕಟ್ಟುತ್ತಿದ್ದ. ನಾನು ಕೆಳಗೆ ಕೂತು ನಾರು ಬಿಡಿಸುತ್ತಿದ್ದೆ. ಒಮ್ಮೆಲೇ ಅವನು ಏಣಿ ಇಳಿದ. ಅವಳ ಮುಂದೆ ನಿಂತು, ‘ಪೂಜಾ, ಆ ಲೈನ್ ಕೊಟ್ಟಿದ್ದು ಅಣ್ಣ ಅಲ್ಲ. ನಾನು’ ಎಂದ.

ಅವಳು ಕೈಯಲ್ಲಿದ್ದ ಗಿಡವನ್ನು ನೆಲಕ್ಕೆ ಇಟ್ಟಳು. ‘ಗೊತ್ತು. ತೋಟಕ್ಕೆ ಬಂದ ದಿನಾನೇ ಗೊತ್ತಾಯ್ತು. ನೀವು ಹೇಳ್ತೀರೋ ಇಲ್ವೋ ಅಂತ ಕಾಯ್ತಿದ್ದೆ’ ಎಂದಳು. ‘ಹೇಳ್ದೆ ಇದ್ದಿದ್ರೆ?’ ಎಂದ ಅವನು. ‘ನಾಳೆ ಮಂಟಪಕ್ಕೆ ಬರ್ತಿರ್ಲಿಲ್ಲ.’ ಅಷ್ಟು ತಣ್ಣಗೆ ಹೇಳಿದಳು ರೀ. ಆಮೇಲೆ ಅವಳೇ ಹೋಗಿ ಅಡುಗೆಯವರ ಹತ್ತಿರವಿದ್ದ ಅಪ್ಪನನ್ನು ಕೈಹಿಡಿದು ಕರೆತಂದಳು. ‘ನಿಮ್ ಬಾಯಲ್ಲೇ ಹೇಳಿ’ ಎಂದಳು. ಗೌರೀಶ ಎಲ್ಲವನ್ನೂ ಹೇಳಿದ. ಜ್ವರ ಬಂದು ಮಲಗಿದ್ದ ಅಣ್ಣ, ಜೀಪು, ತಾನು ಬಾಯಿ ಬಿಡದೆ ನಿಂತದ್ದು, ಗುರುವಾರ ಮತ್ತೆ ವೈರು ಹಿಡಿದು ಓಡಿದ್ದು, ಅದನ್ನೂ ಬಿಡಲಿಲ್ಲ.

ಬೆಟ್ಟಸ್ವಾಮಿಯವರ ಮುಖ ಕಪ್ಪಿಟ್ಟಿತು. ‘ಅಣ್ಣ ಒಳಗವ್ನೆ, ನೀನು ಬಾಸಿಂಗ ಕಟ್ಕೊಳಕೆ ಒಂಟಿದ್ದಾ? ನನ್ ಮಗಳನ್ನ ಏನಂತ ತಿಳ್ಕಂಡಿದ್ದೆ?’ ಎಂದು ಅಬ್ಬರಿಸಿದರು. ಅಡುಗೆಯವರು, ಚಪ್ಪರದವರು ಎಲ್ಲ ಬಾಗಿಲಿಗೆ ಬಂದು ನಿಂತರು. ‘ಬಿಚ್ರಿ ಇದ್ನೆಲ್ಲ. ಈ ಮದ್ವೆನೇ ಬ್ಯಾಡ’ ಎಂದು ತಟ್ಟಿಗೆ ಕೈಹಾಕಿ ಎಳೆದರು. ಒಂದು ಬದಿಯ ಕಟ್ಟು ಕಿತ್ತು ಗಿಡಗಳು ದಬದಬ ಉದುರಿದವು. ಸುಂದ್ರಮ್ಮನವರು ಕಂಬಕ್ಕೆ ಒರಗಿ ಅಳಲು ಶುರುಮಾಡಿದರು. ನಾನು ತಟ್ಟಿ ಬೀಳದಂತೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆ, ಬೇರೇನು ಮಾಡಬೇಕೆಂದು ತೋಚಲಿಲ್ಲ. ಪೂಜಾ ಅಪ್ಪನ ಕೈ ಹಿಡಿದುಕೊಂಡು, ‘ಅಪ್ಪಾಜಿ, ಇವ್ರು ಹೋಗಿ ಒಪ್ಕೋತಾರೆ. ಮದ್ವೆ ನಿಲ್ಸಿದ್ರೆ ಒಬ್ರೇ ಹೋಗ್ಬೇಕಾಗ್ತದೆ. ನಾನು ಜೊತೇಲಿ ಹೋಗ್ತೀನಿ’ ಎಂದಳು. ಗೌರೀಶ ಆಗ ಅತ್ತ. ಜೀಪು ಹೋದ ದಿನವೂ ಅಳದವನು.

ಬೀಗರು ಹೊರಗೆ ಹೋಗಿ ಛತ್ರದ ಮೆಟ್ಟಿಲ ಮೇಲೆ ಕೂತರು. ಯಾರು ಕರೆದರೂ ಏಳಲಿಲ್ಲ, ನೀರು ಕೊಟ್ಟರೂ ಮುಟ್ಟಲಿಲ್ಲ. ನಾವು ಒಳಗೆ ಉದುರಿದ ಗಿಡಗಳನ್ನು ಹೆಕ್ಕುತ್ತ ಇದ್ದೆವು. ಕಟ್ಟಬೇಕೋ ಬೇಡವೋ ಗೊತ್ತಿಲ್ಲ, ಸುಮ್ಮನೆ ಇರಲಾರದೆ ಕಟ್ಟುತ್ತಿದ್ದೆವು. ಮುರಿದ ಎಲೆಗಳನ್ನು ಪೂಜಾ ತನ್ನ ಮಡಿಲಲ್ಲಿ ಹಾಕಿಕೊಂಡಳು, ಅವು ಮಣ್ಣಿಗೆ ಬಿದ್ದರೆ ಮತ್ತೆ ಬೇರು ಬಿಡುತ್ತವೆ ಎಂದು ಅವಳಿಗೂ ಗೊತ್ತು. ಹೊತ್ತು ಇಳಿಯುವಾಗ ಬೆಟ್ಟಸ್ವಾಮಿಯವರು ಒಳಗೆ ಬಂದರು. ಯಾರ ಮುಖವನ್ನೂ ನೋಡದೆ ಗೌರೀಶನನ್ನು, ‘ಯಾವತ್ತು ಓಯ್ತೀಯ?’ ಎಂದು ಕೇಳಿದರು. ‘ಮಂಗಳ್ವಾರ’ ಎಂದ. ‘ನಾನೂ ಬತ್ತೀನಿ’ ಎಂದು ಹೇಳಿ, ವಾಲಿದ್ದ ತಟ್ಟಿಯನ್ನು ತಾವೇ ನೆಟ್ಟಗೆ ಮಾಡಿ ಹಿಡಿದರು. ‘ಕಟ್ಟವ್ವ’ ಎಂದರು ನನಗೆ.

ಅವತ್ತೇ ಸಂಜೆ ಗೌರೀಶ ಅವ್ವನಿಗೂ ಹೇಳಿದ. ಅವ್ವ ಬೈಯಲಿಲ್ಲ, ಹೊಡೆಯಲಿಲ್ಲ. ನಿಮ್ಮನ್ನು ಇಷ್ಟು ದಿನ ಬೈದದ್ದೆಲ್ಲ ನೆನಪಾಯಿತೋ ಏನೋ, ಸೆರಗು ಬಾಯಿಗೆ ಇಟ್ಟುಕೊಂಡು ಕೂತಳು. ಭಾನುವಾರ ಧಾರೆಯ ಹೊತ್ತಿನಲ್ಲಿ ಹುಡುಗನ ಕಡೆಯ ಹಿರಿಯರಾಗಿ ನೀವು ನಿಲ್ಲಬೇಕಾದ ಜಾಗದಲ್ಲಿ ಅವ್ವ ಬೇರೆ ಯಾರನ್ನೂ ನಿಲ್ಲಲು ಬಿಡಲಿಲ್ಲ. ದಾಯಾದಿಯೊಬ್ಬರು ಮುಂದೆ ಬಂದರೆ, ‘ಅದು ನನ್ ಮಗನ್ ಜಾಗ, ಕಾಲಿ ಇರ್ಲಿ ಬುಡಿ’ ಎಂದಳು. ಧಾರೆ ಮಾಡಿಸುತ್ತಿದ್ದ ಅಯ್ಯನೋರೂ ಒತ್ತಾಯ ಮಾಡಲಿಲ್ಲ. ಆ ಖಾಲಿ ಜಾಗದ ಪಕ್ಕದಲ್ಲೇ ಗೌರೀಶ ತಾಳಿ ಕಟ್ಟಿದ. ಜನ ಮಂಟಪದ ಮುಂದೆ ನಿಂತು ಫೋಟೋ ಹೊಡೆದುಕೊಂಡಿದ್ದೇ ಹೊಡೆದುಕೊಂಡಿದ್ದು. ಹತ್ತಿರ ಹೋಗಿ ಎಲೆ ಮುಟ್ಟಿ, ಇದು ನಿಜದ್ದಾ ಎಂದು ಕೇಳಿದವರೂ ಇದ್ದರು. ಸುಂದ್ರಮ್ಮನವರು ತಾವೇ ಮುಂದೆ ನಿಂತು, ಒಂದು ಮುಳ್ಳೂ ಇಲ್ಲ ನೋಡಿ ಎಂದು ಎಲ್ಲರಿಗೂ ತೋರಿಸುತ್ತಿದ್ದರು. ನಾನು ಕೈತೊಳೆಯುವ ಜಾಗದಲ್ಲಿ ನಿಂತು ಒಂದಿಷ್ಟು ಅತ್ತೆ, ಆಮೇಲೆ ಮುಖ ತೊಳೆದುಕೊಂಡು ಬಡಿಸಲು ಹೋದೆ. ನಿನ್ನೆ ಕ್ಯಾಂಪಿನ ಕುಂಡಗಳನ್ನೆಲ್ಲ ಬೇರಿನ ಸಮೇತ ವಾಪಸು ಕೊಟ್ಟು ಬಂದೆ. ಅಜ್ಜಿಗೆ ಪೂಜಾ ತಾನೇ ಹೋಗಿ ಹೋಳಿಗೆ ಕೊಟ್ಟಳು.

ಇವತ್ತು ಬೆಳಿಗ್ಗೆ ಗೌರೀಶ, ಪೂಜಾ, ಬೀಗರು ಮೂವರೂ ವಕೀಲರನ್ನು ಕರೆದುಕೊಂಡು ಹುಣಸೂರಿನ ಫಾರೆಸ್ಟ್ ಆಫೀಸಿಗೆ ಹೋದರು. ಅವನ ಕೈಯಲ್ಲಿ ಇನ್ನೂ ಕಂಕಣವಿತ್ತು. ಅವ್ವನ ಕಾಲು ಹಿಡಿದ. ಅವ್ವ ತಲೆಯ ಮೇಲೆ ಕೈಯಿಟ್ಟಳು. ನನ್ನ ಮುಂದೆ ನಿಂತು, ‘ಅತ್ತಿಗೆ, ಅವತ್ತು ಬಾಗ್ಲಲ್ಲಿ ನಿಮ್ ತೋಳು ಇಡ್ದು ಎಳ್ದುಬುಟ್ಟೆ’ ಎಂದ. ‘ಓಗ್ಬುಟ್ ಬಾ’ ಎಂದೆ. ಬೇರೆ ಏನಾದರೂ ಹೇಳಬಹುದಿತ್ತು.

ನಿಮಗೆ ಕೋಪ ಬರುತ್ತದೆ ಎಂದು ಗೊತ್ತು. ಆದರೆ ಕೊಟ್ಟ ಮಾತನ್ನು ನಾನು ಮುರಿಯಲಿಲ್ಲ, ಅವನೇ ಬಾಯಿಬಿಟ್ಟ. ಅವನನ್ನು ಬಯ್ಯಬೇಡಿ. ಹೊತ್ತು ಹೊತ್ತಿಗೆ ಊಟ ಮಾಡಿ, ಕೆಮ್ಮಿಗೆ ಔಷಧಿ ಕೇಳಿ. ಅವ್ವ ನಿಮಗೆ ಆಶೀರ್ವಾದ ತಿಳಿಸು ಎಂದಿದ್ದಾಳೆ, ಈ ಸಲ ತಾನಾಗಿಯೇ. ಚಿನ್ನು ಮುತ್ತು ಕಳಿಸಿದ್ದಾಳೆ. ಬೀಗರ ಮನೆಯವರೆಲ್ಲರ ನಮಸ್ಕಾರ.

ಇಂತಿ ನಿಮ್ಮ
ಪುಟ್ಟಲಕ್ಷ್ಮಿ

ಮತ್ತೆ ಬರೆದದ್ದು: ಕಾಗದ ಮಡಚುವಾಗ ಪೂಜಾಳ ಫೋನು ಬಂತು. ಗೌರೀಶ ಹೇಳಿಕೆ ಕೊಟ್ಟಾಯಿತು, ಅವನನ್ನು ಅಲ್ಲೇ ಉಳಿಸಿಕೊಂಡರಂತೆ. ಅವಳೂ ಆಫೀಸಿನ ಹೊರಗೆ ಕೂತಿದ್ದಾಳೆ, ಏಳುವುದಿಲ್ಲ ಎನ್ನುತ್ತಾಳೆ. ವಕೀಲರು ನಾಳೆ ನಿಮ್ಮನ್ನು ಕಾಣಲು ಬರುತ್ತಿದ್ದಾರೆ, ಅವರ ಕೈಯಲ್ಲೇ ಇದನ್ನು ಕೊಡುತ್ತೇನೆ. ಅವರ ಹಿಂದೆಯೇ ಫಾರೆಸ್ಟಿನವರೂ ಬಂದು ನಿಮ್ಮನ್ನು ಕೇಳುತ್ತಾರೆ. ‘ತಮ್ಮ ನನ್ನ ಉಳಿಸಕೆ ಸುಳ್ಳೇಳ್ತಾವ್ನೆ’ ಎಂದು ನೀವು ಹೇಳುತ್ತೀರಿ. ನಿಮ್ಮ ನಾಲಿಗೆಯ ಮೇಲೆ ಆ ಮಾತು ಈಗಲೇ ಬಂದು ಕೂತಿದೆ, ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ದಯವಿಟ್ಟು ಹೇಳಬೇಡಿ. ನೀವು ಹಾಗೆಂದರೆ ಅವನ ಮಾತು ಸುಳ್ಳಾಗುತ್ತದೆ, ಆ ಹುಡುಗಿ ಅಲ್ಲಿ ಕೂತದ್ದೂ ಸುಳ್ಳಾಗುತ್ತದೆ. ಅವನನ್ನು ಚಿಕ್ಕಂದಿನಿಂದ ಹೆಗಲ ಮೇಲೆ ಹೊತ್ತಿದ್ದೀರಿ. ಈಗ ಕೆಳಗೆ ಇಳಿಸಿ, ಅವನು ನಡೆಯುತ್ತಾನೆ. ಅವತ್ತು ನನಗೆ ಜ್ವರ ಇತ್ತು, ನಾನು ಮಲಗಿದ್ದೆ ಎಂದು ಅಷ್ಟೇ ಹೇಳಿ. ಹೇಳಿ, ಮನೆಗೆ ಬನ್ನಿ.